ಅತಿಥಿ ಕೋಣೆಯ ಮಂಚಕ್ಕೆ ಹಳೆ ಬಾಗಿಲೋ, ಚಂದ್ರಿಕೆಯೋ, ಪ್ಯಾಲೆಟ್ಟೋ?

ಖಾಲಿ ಬಿದ್ದ ಕೋಣೆಗೆ ಹಳ್ಳಿಮನೆಯ ಕಳೆ ಬರಬೇಕಾದರೆ ಮೊದಲು ಕೈ ಹಾಕಬೇಕಾದದ್ದು ಮಂಚದ ತಲೆಹಲಗೆಗೆ. ಒಳಗೆ ಬಂದವರ ಕಣ್ಣು ಹೋಗುವುದೇ ಅಲ್ಲಿಗೆ. ಕೋಲಾರ, ಚಿಕ್ಕಬಳ್ಳಾಪುರದ ಕಡೆ ಇದಕ್ಕೆ ಒದಗುವ ಹಳೆ ಸಾಮಾನು ಮೂರು: ಕೆಡವಿದ ಮನೆಯ ಬಾಗಿಲು, ರೇಷ್ಮೆ ಮನೆಯಲ್ಲಿ ಮೂಲೆ ಸೇರಿದ ಚಂದ್ರಿಕೆ (ರೇಷ್ಮೆ ಹುಳು ಗೂಡು ಕಟ್ಟುವ ಬಿದಿರ ತಟ್ಟೆ), ನರಸಾಪುರ, ಮಾಲೂರಿನ ಕಾರ್ಖಾನೆಗಳ ಕಡೆಯಿಂದ ಗುಜರಿಗೆ ಬರುವ ಪ್ಯಾಲೆಟ್ (ಸರಕು ಪೇರಿಸುವ ಮರದ ಅಡಿಹಲಗೆ). ಮೂರನ್ನೂ ಹಾಕಿ ನೋಡಿದ ಮೇಲೆ ನಮ್ಮ ಮೊದಲ ಮತ ಬಾಗಿಲಿಗೆ.

ತೇಗ ಅಥವಾ ಹಲಸಿನ ಹಳೆ ಬಾಗಿಲು ದಶಕಗಳ ಬಿಸಿಲು, ಮಳೆ ಕಂಡಿರುತ್ತದೆ. ಇನ್ನು ಸೊಟ್ಟಗಾಗುವ ಭಯ ಕಡಿಮೆ. ಕೊಳ್ಳುವಾಗ ಕೆಳಗಿನ ಅಡ್ಡಪಟ್ಟಿಗೆ ಸ್ಕ್ರೂಡ್ರೈವರ್ ಒತ್ತಿ ನೋಡಿ. ಹೊಸ್ತಿಲು ತೊಳೆದ ನೀರು ಕುಡಿಯುವುದು ಆ ಭಾಗವೇ. ಮೆತ್ತಗಿದ್ದರೆ ಎರಡು ಮೂರು ಅಂಗುಲ ಕತ್ತರಿಸಿ ತೆಗೆಯಿರಿ. ಬಣ್ಣದ ವಿಷಯದಲ್ಲಿ ಮಾತ್ರ ಅವಸರ ಬೇಡವೇ ಬೇಡ. ಮನೆಬಣ್ಣದಲ್ಲಿ ಸೀಸವನ್ನು 90 ಪಿಪಿಎಂಗೆ (ಹತ್ತು ಲಕ್ಷ ಭಾಗಕ್ಕೆ 90 ಭಾಗ) ಮಿತಿಗೊಳಿಸಿದ ನಿಯಮ ಬಂದದ್ದು 2016ರಲ್ಲಿ. ಅದಕ್ಕೂ ಹಿಂದಿನ ಪದರಗಳಲ್ಲಿ ಸೀಸ ಇರಬಹುದು. ಒಣ ಉಜ್ಜುವಿಕೆ, ಬೆಂಕಿಯಲ್ಲಿ ಸುಡುವುದು ಎರಡೂ ಅಪಾಯ. ನೀರು ಹಾಕಿಕೊಂಡು 120, ಆಮೇಲೆ 220ರ ವಾಟರ್ ಪೇಪರ್‌ನಲ್ಲಿ, ಮಾಸ್ಕ್ ಕಟ್ಟಿಕೊಂಡು, ಹೊರಗಡೆ ಉಜ್ಜಿ. ಉದುರಿದ ಕೆಸರನ್ನು ಗಿಡದ ಬುಡಕ್ಕೆ ಚೆಲ್ಲಬೇಡಿ. ಬಣ್ಣ ಗಟ್ಟಿಯಾಗಿ ಕೂತಿದ್ದರೆ ತೆಗೆಯದೆ ಸೋಪು ನೀರಲ್ಲಿ ಒರೆಸಿ, ಒಣಗಿಸಿ, ಮ್ಯಾಟ್ ಪಾಲಿಯುರೆಥೇನ್ ಎರಡು ಕೋಟು ಹೊಡೆದುಬಿಡುವುದೇ ವಾಸಿ. ಅದೇ ಚೆಂದವೂ ಹೌದು.

ಇದರ ತೊಡಕು ತೂಕ. ಆರಡಿ ಉದ್ದ, ಮೂರಡಿ ಅಗಲ, ಒಂದೂಕಾಲು ಅಂಗುಲ ದಪ್ಪದ ತೇಗದ ಬಾಗಿಲು ಸುಮಾರು 35 ಕಿಲೋ. ಮಣ್ಣಿನ ಗೋಡೆ, ಹಾಲೋ ಬ್ಲಾಕ್ ಗೋಡೆ ಈ ಭಾರ ಹೊರಲಾರವು. ಮೊಳೆ ಸಮೇತ ಗಾರೆ ಕಿತ್ತು ಬರುತ್ತದೆ. ಬಾಗಿಲನ್ನು ಅಡ್ಡ ಮಾಡಿ, ಹಿಂದುಗಡೆ 3×2 ಅಂಗುಲದ ಎರಡು ರೀಪರ್ (ಮರದ ಪಟ್ಟಿ) ಕಾಲು ಕೊಟ್ಟು ಭಾರವನ್ನು ನೆಲಕ್ಕೇ ಇಳಿಸಿ. ಮೇಲೆ ಎರಡು ಎಲ್ ಕ್ಲ್ಯಾಂಪ್ ಮುಂದಕ್ಕೆ ವಾಲದಂತೆ ಹಿಡಿದರೆ ಸಾಕು.

ಗೋಡೆ ತೀರಾ ಸಡಿಲವಿದ್ದರೆ ಚಂದ್ರಿಕೆಯೇ ಸರಿ. ಹಗುರ, ಸುತ್ತು ಸುತ್ತಾದ ಬಿದಿರ ಪಟ್ಟಿ, ಶಿಡ್ಲಘಟ್ಟದ ಕಡೆಯವರಿಗಂತೂ ಮನೆಯ ಗುರುತು. ಆರಡಿ–ನಾಲ್ಕಡಿ ಅಳತೆಯದು ಅಡ್ಡಲಾಗಿಟ್ಟರೆ ಡಬಲ್ ಮಂಚದ ಅಗಲಕ್ಕೆ ಹೊಂದುತ್ತದೆ. ಪ್ಲಾಸ್ಟಿಕ್ ಚಂದ್ರಿಕೆ ಬಂದ ಮೇಲೆ ಬಿದಿರಿನವು ಎಷ್ಟೋ ಮನೆಗಳಲ್ಲಿ ಸುಮ್ಮನೆ ಧೂಳು ತಿನ್ನುತ್ತಿವೆ. ಆದರೆ ತಂದ ಹಾಗೇ ತೂಗುಹಾಕಬಾರದು. ಹಣ್ಣು ಹುಳು (ಗೂಡು ಕಟ್ಟಲು ಬಲಿತ ರೇಷ್ಮೆ ಹುಳು) ಬಿಟ್ಟ ಎಳೆ, ಕೊಳೆ ಅಂಟಿರುತ್ತದೆ. ಬಯಲಲ್ಲಿ ಬ್ಲೋ ಲ್ಯಾಂಪ್ ಉರಿಯನ್ನು ಸರಸರನೆ ಆಡಿಸಿದರೆ ಎಳೆ ಸುಟ್ಟುಹೋಗುತ್ತದೆ; ಒಂದೇ ಕಡೆ ನಿಂತರೆ ಬಿದಿರೂ ಕರಕಲು. ಆಮೇಲೆ 10 ಲೀಟರ್ ನೀರಿಗೆ 200 ಗ್ರಾಂ ಬ್ಲೀಚಿಂಗ್ ಪೌಡರ್ ಕದಡಿ ತೊಳೆದು, ಬಿಸಿಲಲ್ಲಿ ಪೂರ್ತಿ ಒಣಗಿಸಿ. ಕುಟ್ಟೆ ಹುಳಕ್ಕೆ 10 ಲೀಟರ್ ಬಿಸಿನೀರಿಗೆ 300 ಗ್ರಾಂ ಬೋರಾಕ್ಸ್, 200 ಗ್ರಾಂ ಬೋರಿಕ್ ಆಸಿಡ್ ಕರಗಿಸಿ, ಎರಡೂ ಬದಿಗೆ ಮೂರು ಸಲ ಬ್ರಷ್ ಆಡಿಸಿ. ಬಿದಿರಿನ ಪಿಷ್ಟವೇ ಹುಳದ ಆಹಾರ. ಈ ಉಪಚಾರ ಬಿಟ್ಟರೆ ದಿಂಬಿನ ಮೇಲೆ ಹಳದಿ ಪುಡಿ ಉದುರುತ್ತದೆ. ಪಕ್ಕದಿಂದ 2700 ಕೆಲ್ವಿನ್‌ನ ಹಳದಿ ಬೆಳಕಿನ ದೀಪ ಬಿದ್ದರೆ ಸುತ್ತುಗಳ ನೆರಳು ಗೋಡೆ ತುಂಬ ಹರಡುತ್ತದೆ. ಅಸ್ತಮಾ ಇರುವವರು ಬಂದು ಮಲಗುವ ಕೋಣೆಗೆ ಮಾತ್ರ ಬೇಡ. ಆ ಸುತ್ತುಗಳ ನಡುವಿನ ಧೂಳು ಎಷ್ಟು ಕೊಡವಿದರೂ ಪೂರ್ತಿ ಹೋಗುವುದಿಲ್ಲ.

ಪ್ಯಾಲೆಟ್ಟನ್ನು ತಲೆಹಲಗೆಗೆ ಬಳಸುವುದು ನಮಗೆ ಒಪ್ಪಿಗೆಯಿಲ್ಲ. ಪೈನ್ ಮರ ಬಡಕಲು; ಸಂತೆಯ ಪೆಟ್ಟಿಗೆಯಂತೆ ಕಾಣುತ್ತದೆ. ಮಂಚದ ಅಡಿಗೆ ಮಾತ್ರ ಅದಕ್ಕೆ ಸಮನಾದದ್ದಿಲ್ಲ. 1200×1000 ಮಿಲಿಮೀಟರಿನ ಎರಡನ್ನು 1200ರ ಬದಿ ಕೂಡಿಸಿ ಜೋಡಿಸಿದರೆ 78×48 ಅಂಗುಲದ ಹಾಸಿಗೆ ಹೆಚ್ಚುಕಡಿಮೆ ಸರಿಯಾಗಿ ಕೂರುತ್ತದೆ. ಒಂದೇ ಪದರ ವಯಸ್ಸಾದವರಿಗೆ ತಗ್ಗು. ನಾಲ್ಕು ತಂದು ಎರಡು ಪದರ ಮಾಡಿ, ಬೋಲ್ಟ್ ಹಾಕಿ ಬಿಗಿಯಿರಿ. 'ಎಚ್‌ಟಿ' ಮುದ್ರೆ ಇದ್ದದ್ದನ್ನೇ ಆರಿಸಿ: ಮರದ ಒಳತಿರುಳಿಗೆ 56 ಡಿಗ್ರಿ ಶಾಖ 30 ನಿಮಿಷ ಕೊಟ್ಟದ್ದು. 'ಎಂಬಿ' ಎಂದಿದ್ದರೆ ಮೀಥೈಲ್ ಬ್ರೋಮೈಡ್ ಎಂಬ ವಿಷಾನಿಲದ ಹೊಗೆ ಹಾಕಿದ್ದು, ಅಲ್ಲೇ ಬಿಟ್ಟುಬನ್ನಿ. ಹಲಗೆ ಬಿಚ್ಚಬೇಕಾದರೆ ಹಾರೆ ಹಾಕಿ ಮೀಟಬೇಡಿ, ತುದಿ ಸೀಳುತ್ತದೆ. ಸಂದಿಯಲ್ಲಿ ಹ್ಯಾಕ್ಸಾ ಬ್ಲೇಡ್ ತೂರಿಸಿ ಮೊಳೆಯನ್ನೇ ಕತ್ತರಿಸಿ. ನೆಲಕ್ಕೆ ತಾಗುವ ಕಡೆಯೆಲ್ಲ ಗ್ರಾನೈಟ್ ಚೂರು ಕೊಡಿ, ಗೆದ್ದಲು ಮಣ್ಣು ಕಟ್ಟಿಕೊಂಡು ಹತ್ತಿದರೆ ಕೂಡಲೇ ಕಾಣುತ್ತದೆ.