ಕತ್ತಲೆಯ ಕೋಣೆಗೆ ಗಾಜಿನ ರಿಮೋಟ್ ತರುವ ಮುನ್ನ

ಹೋಮ್ ಥಿಯೇಟರ್‌ಗೆಂದು ಟಚ್‌ಸ್ಕ್ರೀನ್ ಇರುವ ಯೂನಿವರ್ಸಲ್ ರಿಮೋಟ್ (ಎಲ್ಲ ಉಪಕರಣಗಳನ್ನೂ ಒಂದರಿಂದಲೇ ನಡೆಸುವ ರಿಮೋಟ್) ಕೊಳ್ಳಲು ಹೊರಟವರು ಹಣ ಕೊಡುವ ಮೊದಲು ಓದಲಿ ಎಂದು ಇದನ್ನು ಬರೆಯುತ್ತಿದ್ದೇನೆ. ನಾನು ಅಂಥದ್ದೊಂದನ್ನು ಕೊಂಡು ಹದಿನಾಲ್ಕು ತಿಂಗಳು ಹೆಣಗಾಡಿ, ಕೊನೆಗೆ ಗುಂಡಿಗಳಿರುವ ರಿಮೋಟಿಗೆ ಮರಳಿದವನು. ನಡೆದ ತಪ್ಪಿನಲ್ಲಿ ಅರ್ಧ ತಯಾರಕರದು, ಅರ್ಧ ನನ್ನದು. ಎರಡನ್ನೂ ಮುಚ್ಚಿಡದೆ ಹೇಳುತ್ತೇನೆ.

ನನ್ನಲ್ಲಿ ಆಗ ಇದ್ದುದು ಛಾವಣಿಗೆ ತೂಗುಹಾಕಿದ ಪ್ರೊಜೆಕ್ಟರ್, ಧ್ವನಿಯನ್ನು ಸ್ಪೀಕರ್‌ಗಳಿಗೂ ಚಿತ್ರವನ್ನು ಪರದೆಗೂ ಹಂಚುವ ಎವಿ ರಿಸೀವರ್, ಬ್ಲೂ-ರೇ ಪ್ಲೇಯರ್, ಸೆಟ್‌ಟಾಪ್ ಬಾಕ್ಸ್ ಮತ್ತು ಒಂದು ಸ್ಟ್ರೀಮಿಂಗ್ ಸ್ಟಿಕ್. ಐದು ಉಪಕರಣಗಳಿಗೆ ಐದು ರಿಮೋಟ್‌ಗಳು. ಸಿನಿಮಾ ಹಚ್ಚುವುದೆಂದರೆ ಮನೆಯಲ್ಲಿ ನನಗೊಬ್ಬನಿಗೆ ಮಾತ್ರ ಒಲಿದ ವಿದ್ಯೆ ಎಂಬಂತಾಗಿತ್ತು. ಹೀಗಿರುವಾಗ ಅಂಗಡಿಯೊಂದರ ಝಗಝಗಿಸುವ ಬೆಳಕಿನಲ್ಲಿ, ಅಂಗೈಯಗಲದ ಗಾಜಿನ ಮೇಲೆ ಒಂದೇ ಒಂದು ಚಿತ್ರವನ್ನು ಮುಟ್ಟಿದೊಡನೆ ಟಿವಿ, ರಿಸೀವರ್, ಪ್ಲೇಯರ್ ಎಲ್ಲವೂ ಸರದಿಯಂತೆ ಹೊತ್ತಿಕೊಳ್ಳುವುದನ್ನು ನೋಡಿ ಮರುಳಾದೆ. ಅಷ್ಟು ಹೊತ್ತೂ ನಾನು ನೋಡುತ್ತಿದ್ದುದು ರಿಮೋಟನ್ನೇ ಹೊರತು ಟಿವಿಯನ್ನಲ್ಲ ಎಂಬುದು ಆಗ ಹೊಳೆಯಲಿಲ್ಲ.

ದೀಪ ಆರಿಸಿ ಸಿನಿಮಾ ನೋಡಲು ಕುಳಿತ ಮೊದಲ ರಾತ್ರಿಯೇ ಅದು ಹೊಳೆಯಿತು. ಗುಂಡಿಯ ರಿಮೋಟ್ ಕೈಯಲ್ಲಿದ್ದರೆ ಕಣ್ಣು ಪರದೆಯಲ್ಲಿ ನೆಟ್ಟಿದ್ದರೂ ಹೆಬ್ಬೆರಳು ತನ್ನ ದಾರಿಯನ್ನು ತಾನೇ ಹುಡುಕಿಕೊಳ್ಳುತ್ತದೆ. 5ರ ಅಂಕಿಯ ಮೇಲಿನ ಚಿಕ್ಕ ಉಬ್ಬು, ಬಾಣದ ಗುಂಡಿಗಳ ಉಂಗುರ, ಧ್ವನಿಯ ಗುಂಡಿಯ ಉದ್ದನೆಯ ಆಕಾರ ಇವೆಲ್ಲ ಬೆರಳು ಓದುವ ಅಕ್ಷರಗಳು. ಗಾಜಿನ ಮೇಲೆ ಅಂಥ ಅಕ್ಷರ ಒಂದೂ ಇಲ್ಲ. ಸಿನಿಮಾ ನಿಲ್ಲಿಸಬೇಕೆಂದರೆ ಮೊದಲು ರಿಮೋಟನ್ನು ಎತ್ತಬೇಕು, ಮಲಗಿದ ಪರದೆ ಏಳುವವರೆಗೆ ಕಾಯಬೇಕು, ಎಬ್ಬಿಸಲು ಮುಟ್ಟಿದ ಮೊದಲ ಸ್ಪರ್ಶ ಲೆಕ್ಕಕ್ಕಿಲ್ಲವಾದ್ದರಿಂದ ಮತ್ತೊಮ್ಮೆ ಮುಟ್ಟಬೇಕು. ಅಷ್ಟರಲ್ಲಿ ಕೇಳಿಸದೆ ಹೋದ ಮಾತು ಇನ್ನೂ ಹಿಂದೆ ಹೋಗಿರುತ್ತದೆ. ಇದರ ಜೊತೆಗೆ ಕತ್ತಲೆಗೆ ಹೊಂದಿಕೊಂಡಿದ್ದ ಕಣ್ಣಿಗೆ ಆ ಪುಟ್ಟ ಪರದೆಯ ಬೆಳಕು ಚುಚ್ಚುತ್ತದೆ. ಬೆಳಕನ್ನು ತಗ್ಗಿಸಿದೆ, ಆಗ ಅಮ್ಮನಿಗೆ ಅಕ್ಷರ ಕಾಣಿಸಲಿಲ್ಲ. ಬೆರಳ ತುದಿ ಒಣಗಿ ಗಡುಸಾಗಿರುವ ವಯಸ್ಸಾದವರ ಸ್ಪರ್ಶವನ್ನು ಈ ಬಗೆಯ ಗಾಜು ಎಷ್ಟೋ ಸಲ ಗುರುತಿಸುವುದೇ ಇಲ್ಲ ಎಂಬುದನ್ನೂ ಅವರಿಂದಲೇ ಕಲಿತೆ. ಹಟದಿಂದ ಒತ್ತಿದಷ್ಟೂ ಏನೂ ಆಗದಿದ್ದಾಗ ಅವರು ರಿಮೋಟನ್ನು ನನ್ನ ಕೈಗಿಟ್ಟು ಎದ್ದುಹೋದರು.

ಇಷ್ಟೇ ಆಗಿದ್ದರೆ ಅಭ್ಯಾಸವಾದೀತು ಎಂದು ಸುಮ್ಮನಿರುತ್ತಿದ್ದೆ. ಎಚ್ಚರಿಕೆ ಕೊಡಲು ಕಾರಣವಾದದ್ದು ಮುಂದಿನ ಎರಡು ಘಟನೆಗಳು.

ಸಾಮಾನ್ಯ ರಿಮೋಟ್‌ಗಳಂತೆ ನನ್ನ ರಿಮೋಟ್ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಕಿರಣವನ್ನು ತಾನೇ ಬೀರುತ್ತಿರಲಿಲ್ಲ. ಅದು ವೈ-ಫೈ ಮೂಲಕ ಕಪಾಟಿನ ಮೇಲಿದ್ದ ಹಬ್ ಎಂಬ ಡಬ್ಬಿಗೆ ಹೇಳುತ್ತಿತ್ತು. ಡಬ್ಬಿ ಉಪಕರಣಗಳಿಗೆ ಕಿರಣ ಕಳಿಸುತ್ತಿತ್ತು. ಸಾಮಾನ್ಯ ರಿಮೋಟ್‌ನಲ್ಲಿ ಧ್ವನಿಯ ಗುಂಡಿಯನ್ನು ಒತ್ತಿ ಹಿಡಿದಷ್ಟು ಹೊತ್ತು ಸಂಕೇತ ಮತ್ತೆ ಮತ್ತೆ ಹೋಗುತ್ತದೆ. ಬಹಳ ಬಳಕೆಯಲ್ಲಿರುವ ಎನ್‌ಇಸಿ ಎಂಬ ಸಂಕೇತ ಪದ್ಧತಿಯಲ್ಲಿ ಇದು ಸುಮಾರು 110 ಮಿಲಿಸೆಕೆಂಡಿಗೊಮ್ಮೆ ನಡೆಯುತ್ತದೆ. ಬೆರಳೆತ್ತಿದ ಕ್ಷಣವೇ ನಿಲ್ಲುತ್ತದೆ. ನನ್ನ ವ್ಯವಸ್ಥೆಯಲ್ಲಿ ಮಾತ್ರ 'ಬೆರಳೆತ್ತಿದ್ದಾನೆ' ಎಂಬ ಸುದ್ದಿಯೂ ವೈ-ಫೈ ಹಿಡಿದೇ ಡಬ್ಬಿಯನ್ನು ತಲುಪಬೇಕಿತ್ತು. ಒಂದು ರಾತ್ರಿ ಪಿಸುಮಾತಿನ ದೃಶ್ಯದಲ್ಲಿ ಧ್ವನಿ ಏರಿಸಲು ಬೆರಳಿಟ್ಟೆ, ಎತ್ತಿದೆ. ಧ್ವನಿ ಏರುತ್ತಲೇ ಹೋಯಿತು. ಸುದ್ದಿ ದಾರಿಯಲ್ಲೆಲ್ಲೋ ಸಿಕ್ಕಿಕೊಂಡಿತ್ತು. ಅದೇ ಹೊತ್ತಿಗೆ ದೃಶ್ಯ ಬದಲಾಗಿ ಸ್ಫೋಟವಾಯಿತು. ಗಾಬರಿಯಲ್ಲಿ ಗಾಜಿನ ಮೇಲೆ ಮ್ಯೂಟ್ ಎಲ್ಲಿದೆಯೆಂದು ತಡಕಾಡುತ್ತ ಪುಟವನ್ನೇ ಬದಲಿಸಿಬಿಟ್ಟೆ; ಕೊನೆಗೆ ಓಡಿಹೋಗಿ ರಿಸೀವರ್‌ನ ತಿರುಗುಗುಂಡಿಯನ್ನು ಹಿಡಿದು ತಿರುಗಿಸಿದೆ. ಪಕ್ಕದ ಕೋಣೆಯಲ್ಲಿ ಮಲಗಿದ್ದ ಮಗು ಎದ್ದು ಅತ್ತಿದ್ದು ಒಂದು ಗಂಟೆ. ಸ್ಪೀಕರ್ ಉಳಿದದ್ದು ಅದೃಷ್ಟ. ಎವಿ ರಿಸೀವರ್‌ಗಳ ಸೆಟಪ್‌ನಲ್ಲಿ ಸಾಮಾನ್ಯವಾಗಿ ಗರಿಷ್ಠ ಧ್ವನಿಗೆ ಮಿತಿ ಹಾಕುವ ಅವಕಾಶ ಇರುತ್ತದೆ. ನಾನು ಅದನ್ನು ಮುಟ್ಟಿಯೇ ಇರಲಿಲ್ಲ. ರಿಮೋಟ್ ಯಾವುದೇ ಇರಲಿ, ಇಂದೇ ಆ ಮಿತಿಯನ್ನು ಹಾಕಿಕೊಳ್ಳಿ.

ಎರಡನೆಯ ಘಟನೆ ಸದ್ದಿಲ್ಲದೆ ನಡೆಯಿತು, ಆದರೆ ನಷ್ಟ ಹೆಚ್ಚು. ಹಲವು ಪ್ರೊಜೆಕ್ಟರ್‌ಗಳನ್ನು ಆರಿಸಲು ಪವರ್ ಗುಂಡಿಯನ್ನು ಎರಡು ಬಾರಿ ಒತ್ತಬೇಕು. ಮೊದಲ ಒತ್ತಿಗೆ 'ಆರಿಸಲೇ?' ಎಂದು ಕೇಳುತ್ತದೆ, ಎರಡನೆಯದಕ್ಕೆ ಆರುತ್ತದೆ. ನನ್ನ 'ಎಲ್ಲ ಆರಿಸು' ಎಂಬ ಮ್ಯಾಕ್ರೊ (ಒಂದೇ ಮುಟ್ಟಿಗೆ ಸರದಿಯಂತೆ ಹೋಗುವ ಸಂಕೇತಗಳ ಸರಣಿ) ಹೀಗೆ ಎರಡು ಸಂಕೇತಗಳನ್ನು ಕಳಿಸುತ್ತಿತ್ತು. ಪ್ರೊಜೆಕ್ಟರ್ ನಮ್ಮ ಬೆನ್ನ ಹಿಂದೆ ಇದ್ದುದರಿಂದ ಡಬ್ಬಿಯ ಕಿರಣ ಕೋಣೆಯನ್ನು ದಾಟಿ ಹೋಗಬೇಕು. ಸಿನಿಮಾ ಮುಗಿದಾಗ ಏನಾಗುತ್ತದೆ? ಎಲ್ಲರೂ ಎದ್ದು ನಿಲ್ಲುತ್ತಾರೆ! ಯಾರೋ ಅಡ್ಡ ಬಂದು ಎರಡರಲ್ಲಿ ಒಂದು ಸಂಕೇತ ತಪ್ಪಿತು. ಪ್ರೊಜೆಕ್ಟರ್ ಪ್ರಶ್ನೆ ಕೇಳಿ, ಉತ್ತರ ಬಾರದೆ, ಮತ್ತೆ ತನ್ನ ಪಾಡಿಗೆ ಉರಿಯತೊಡಗಿತು. ರಿಸೀವರ್ ಆರಿ ಪರದೆ ಕಪ್ಪಾಗಿದ್ದರಿಂದ ನಮಗೆ ತಿಳಿಯಲಿಲ್ಲ. ರಿಮೋಟ್‌ನ ಗಾಜಿನ ಮೇಲೆ 'ಎಲ್ಲ ಆರಿದೆ' ಎಂದು ನೆಮ್ಮದಿಯಾಗಿ ಬರೆದಿತ್ತು. ಬೆಳಿಗ್ಗೆ ನೋಡಿದರೆ ಲ್ಯಾಂಪ್‌ನ ಲೆಕ್ಕದಲ್ಲಿ ಒಂಬತ್ತು ಗಂಟೆ ಏರಿತ್ತು. ಚಿತ್ರವಿಲ್ಲದಾಗ ತಾನೇ ಆರುವ ಸೌಲಭ್ಯವನ್ನು ಹಿಂದೊಮ್ಮೆ ನಾನೇ ನಿಲ್ಲಿಸಿದ್ದೆ, ಅದು ನನ್ನ ಪಾಲಿನ ತಪ್ಪು. ಆದರೆ ಗಾಜಿನ ಮೇಲೆ ಬರೆದಿರುವುದು ಉಪಕರಣದ ಸ್ಥಿತಿಯಲ್ಲ, ರಿಮೋಟ್‌ನ ಊಹೆ ಮಾತ್ರ ಎಂಬುದನ್ನು ಮಾರಿದವರು ಹೇಳಿರಲಿಲ್ಲ. ಇನ್‌ಫ್ರಾರೆಡ್ ಒಮ್ಮುಖದ ಮಾತು. ಉಪಕರಣ ತಿರುಗಿ ಹೇಳುವುದಿಲ್ಲ.

ಈ ಊಹೆಯ ಪೆಟ್ಟು ಗುಂಡಿಯ ರಿಮೋಟಿಗೂ ತಪ್ಪಿದ್ದಲ್ಲ, ಅದನ್ನು ಒಪ್ಪಲೇಬೇಕು. ಒಂದೇ ಸಂಕೇತ ಹೊತ್ತಿಸಲೂ ಆರಿಸಲೂ ಬಳಕೆಯಾದರೆ ಮ್ಯಾಕ್ರೊ ಒಮ್ಮೆ ದಾರಿ ತಪ್ಪಿದ ಮೇಲೆ ಹೊತ್ತಬೇಕಾದದ್ದು ಆರುತ್ತದೆ, ಆರಬೇಕಾದದ್ದು ಹೊತ್ತುತ್ತದೆ. ಇದಕ್ಕೆ ಮದ್ದೆಂದರೆ ಆನ್‌ಗೆ ಒಂದು, ಆಫ್‌ಗೆ ಇನ್ನೊಂದು ಎಂಬ ಪ್ರತ್ಯೇಕ ಸಂಕೇತಗಳು. ಬಲ್ಲವರು ಇವನ್ನು ಡಿಸ್ಕ್ರೀಟ್ ಕೋಡ್ ಎನ್ನುತ್ತಾರೆ. ಉಪಕರಣದೊಂದಿಗೆ ಬಂದ ರಿಮೋಟ್‌ನಲ್ಲಿ ಅಂಥ ಗುಂಡಿಗಳು ಇಲ್ಲದಿದ್ದರೂ ಉಪಕರಣ ಅವನ್ನು ಅರ್ಥಮಾಡಿಕೊಳ್ಳುವುದುಂಟು. ಕೊಳ್ಳುವ ಮುನ್ನ ಕೇಳಬೇಕಾದ ಮೊದಲ ಪ್ರಶ್ನೆ ಪರದೆ ಎಷ್ಟು ಅಂಗುಲ ಎಂಬುದಲ್ಲ. ನಿಮ್ಮ ಉಪಕರಣಗಳಿಗೆ ಡಿಸ್ಕ್ರೀಟ್ ಕೋಡ್ ಇದೆಯೇ, ಆ ರಿಮೋಟ್ ಅವನ್ನು ಇಟ್ಟುಕೊಳ್ಳಬಲ್ಲುದೇ ಎಂಬುದು.

ಬ್ಯಾಟರಿಯ ಕಥೆ ಚಿಕ್ಕದು. ಗುಂಡಿಯ ರಿಮೋಟ್ ಎರಡು ಸೆಲ್‌ಗಳಲ್ಲಿ ತಿಂಗಳುಗಟ್ಟಲೆ ನಡೆಯುತ್ತದೆ. ನನ್ನದನ್ನು ಪ್ರತಿ ರಾತ್ರಿ ಚಾರ್ಜ್ ಮಾಡುವ ತೊಟ್ಟಿಲಿನಲ್ಲಿ ಮಲಗಿಸಬೇಕಿತ್ತು. ಸೋಫಾದ ಸಂದಿಯಲ್ಲಿ ಒಮ್ಮೆ ಮರೆತರೆ ಮರುದಿನ ಮನೆಗೆ ಸಿನಿಮಾ ಇಲ್ಲ. ಮೂಗಿಗಿಂತ ಮೂಗುತಿ ಭಾರ ಎನ್ನುವುದು ಇದಕ್ಕೇ.

ಹದಿನಾಲ್ಕನೆಯ ತಿಂಗಳಲ್ಲಿ ತಯಾರಕರು ಆ ಮಾದರಿಯ ಸರ್ವರ್ ಮುಚ್ಚಿದರು. ಇದ್ದ ಮ್ಯಾಕ್ರೊಗಳು ನಡೆಯುತ್ತಿದ್ದವು, ಆದರೆ ಒಂದು ಅಕ್ಷರವನ್ನೂ ಬದಲಿಸುವಂತಿರಲಿಲ್ಲ, ಏಕೆಂದರೆ ಬದಲಾವಣೆ ಮಾಡುವ ಆ್ಯಪ್ ಅವರ ಸರ್ವರ್‌ಗೆ ಲಾಗಿನ್ ಆಗದೆ ತೆರೆಯುತ್ತಲೇ ಇರಲಿಲ್ಲ. ಸೆಟ್‌ಟಾಪ್ ಬಾಕ್ಸ್ ಬದಲಿಸಿದ ದಿನ ಆ ದುಬಾರಿ ಗಾಜು ನಿರುಪಯೋಗಿಯಾಯಿತು. ಈ ವ್ಯಾಪಾರದಲ್ಲಿ ಹೆಸರುವಾಸಿಯಾದವರೂ ಉಳಿದಿಲ್ಲ ಎಂಬುದನ್ನು ನಾನು ಮೊದಲೇ ಗಮನಿಸಬೇಕಿತ್ತು. ಟಚ್‌ಸ್ಕ್ರೀನ್ ರಿಮೋಟ್‌ಗಳಲ್ಲಿ ಹಿರಿಯದಾದ ಪ್ರಾಂಟೊವನ್ನು ಫಿಲಿಪ್ಸ್ 2010ರಲ್ಲಿ ಕೈಬಿಟ್ಟಿತು. ಲಾಜಿಟೆಕ್ 2021ರ ಏಪ್ರಿಲ್‌ನಲ್ಲಿ ಹಾರ್ಮನಿ ರಿಮೋಟ್‌ಗಳ ತಯಾರಿಕೆಯನ್ನು ನಿಲ್ಲಿಸಿರುವುದಾಗಿ ಪ್ರಕಟಿಸಿತು. ಆದರೆ ಇರುವ ಬಳಕೆದಾರರಿಗೆ ಸೇವೆ ಮುಂದುವರಿಸುವುದಾಗಿಯೂ ಹೇಳಿತು. ನನ್ನ ರಿಮೋಟ್‌ನ ತಯಾರಕರಿಂದ ಬಂದದ್ದು ಎರಡು ಸಾಲಿನ ಮಿಂಚಂಚೆ. ಕಂಪ್ಯೂಟರ್‌ಗೆ ತಂತಿಯಿಂದ ಜೋಡಿಸಿ, ಖಾತೆಯ ಗೊಡವೆಯಿಲ್ಲದೆ ಹೊಂದಿಸಬಹುದಾದ ಅಥವಾ ಹಳೆಯ ರಿಮೋಟನ್ನು ಮುಖಾಮುಖಿ ಇಟ್ಟು ಸಂಕೇತ ಕಲಿಯಬಲ್ಲ ರಿಮೋಟ್‌ಗೆ ಈ ಸಾವು ಬರುವುದಿಲ್ಲ.

ಆಮೇಲೆ ಗುಂಡಿಯದನ್ನು ಕೊಳ್ಳುವಾಗಲೂ ಒಮ್ಮೆ ಎಡವಿದೆ. ಅವಸರದಲ್ಲಿ ತಂದ ಅಗ್ಗದ ರಿಮೋಟ್‌ನಲ್ಲಿ ಒಳಗೆ ತುಂಬಿದ ಕೋಡ್‌ಗಳ ಪಟ್ಟಿ ಮಾತ್ರ ಇತ್ತು, ಕಲಿಯುವ ಸಾಮರ್ಥ್ಯ ಇರಲಿಲ್ಲ. ರಿಸೀವರ್‌ನ ಅರ್ಧ ಗುಂಡಿಗಳು ಅದಕ್ಕೆ ತಿಳಿಯಲಿಲ್ಲ. ಕಲಿಯುವ ರಿಮೋಟ್ ಎಂದರೂ ಇನ್ನೊಂದು ಎಚ್ಚರಿಕೆ ಬೇಕು: ಇನ್‌ಫ್ರಾರೆಡ್ ಇಲ್ಲದ ಕಡೆ ಕಲಿಯಲು ಏನೂ ಇರುವುದಿಲ್ಲ. ಫೈರ್ ಟಿವಿ ಸ್ಟಿಕ್ ಮತ್ತು ಪ್ಲೇಸ್ಟೇಷನ್ 5ರಲ್ಲಿ ಇನ್‌ಫ್ರಾರೆಡ್ ಗ್ರಾಹಕವೇ ಇಲ್ಲ. ಅವಕ್ಕೆ ಬ್ಲೂಟೂತ್ ಇರುವ ರಿಮೋಟ್ ಬೇಕು, ಇಲ್ಲವೇ ಎಚ್‌ಡಿಎಂಐ-ಸಿಇಸಿ (ಎಚ್‌ಡಿಎಂಐ ತಂತಿಯಲ್ಲೇ ಉಪಕರಣಗಳು ಒಂದಕ್ಕೊಂದು ಆದೇಶ ಕಳಿಸುವ ವ್ಯವಸ್ಥೆ) ಮೂಲಕ ಟಿವಿಯ ರಿಮೋಟಿನಿಂದಲೇ ಒಂದಿಷ್ಟು ಕೆಲಸ ಸಾಗಿಸಬೇಕು. ಯಾವ ರಿಮೋಟ್ ಕಿರಣ ಬೀರುತ್ತದೆಂದು ತಿಳಿಯಲು ಅದರ ಮೂತಿಯನ್ನು ಫೋನಿನ ಮುಂಬದಿಯ ಕ್ಯಾಮೆರಾಕ್ಕೆ ಹಿಡಿದು ಗುಂಡಿ ಒತ್ತಿ ನೋಡಿ. ಕಿರಣವಿದ್ದರೆ ಹೆಚ್ಚಿನ ಫೋನ್‌ಗಳಲ್ಲಿ ನೇರಳೆ ಛಾಯೆಯ ಮಿಣುಕು ಕಾಣುತ್ತದೆ.

ಟಚ್‌ಸ್ಕ್ರೀನ್ ಎಲ್ಲಿಯೂ ಬೇಡ ಎನ್ನುತ್ತಿಲ್ಲ. ಬೆಳಕಿರುವ ಕೋಣೆಯಲ್ಲಿ ಹಾಡಿನ ಪಟ್ಟಿಯನ್ನು ಜಾಲಾಡಲು, ದೀಪ, ಕಿಟಕಿಯ ಪರದೆಗಳನ್ನು ಹೊಂದಿಸಲು, ಚಾನೆಲ್‌ಗಳ ಲಾಂಛನ ನೋಡಿ ಆಯ್ದುಕೊಳ್ಳಲು ಅದು ಹಿತವಾಗಿಯೇ ಇರುತ್ತದೆ. ಆದರೆ ಧ್ವನಿ, ಮ್ಯೂಟ್, ನಿಲುಗಡೆ, ಬಾಣದ ಗುಂಡಿಗಳು ಇವಿಷ್ಟಾದರೂ ನಿಜವಾದ ಗುಂಡಿಗಳಾಗಿರದ ರಿಮೋಟನ್ನು ಸಿನಿಮಾ ಕೋಣೆಗೆ ತರಬೇಡಿ. ಅಂಗಡಿಯಲ್ಲಿ ಪರೀಕ್ಷಿಸುವಾಗ ಅದನ್ನು ಬೆನ್ನ ಹಿಂದೆ ಹಿಡಿದು ಧ್ವನಿಯನ್ನು ಏರಿಸಿ, ಇಳಿಸಿ, ಮ್ಯೂಟ್ ಮಾಡಿ ನೋಡಿ. ಮಾರುವವರು ವಿಚಿತ್ರವಾಗಿ ನೋಡಿದರೆ ನೋಡಲಿ.

ಇನ್ನು, ನಿಂತುಹೋದ ಮಾದರಿಗಳು ಈಗ ಅರ್ಧ ಬೆಲೆಗೆ, ಕಾಲು ಬೆಲೆಗೆ, ಕೆಲವೊಮ್ಮೆ ಮುದ್ರೆ ಒಡೆಯದ ಪೆಟ್ಟಿಗೆಯಲ್ಲೇ ಸಿಗುತ್ತವೆ. ಸರ್ವರ್ ಇಲ್ಲದೆ ಹೊಸ ಖಾತೆ ತೆರೆಯಲಾಗದಿದ್ದರೆ ಹೊಚ್ಚ ಹೊಸ ರಿಮೋಟ್ ಕೂಡ ಸ್ವಾಗತದ ಮೊದಲ ಪುಟವನ್ನು ದಾಟುವುದಿಲ್ಲ. ನನ್ನದನ್ನು ಇಬ್ಬರು ಕೇಳಿದರು. ಇಬ್ಬರಿಗೂ ಇದನ್ನೇ ಹೇಳಿದೆ, ಕೊಡಲಿಲ್ಲ.