ಬಾಯಿಯೊಂದನ್ನು ಬಿಟ್ಟ ‘ಪೂರ್ಣ ದೇಹ ತಪಾಸಣೆ’

ದೊಡ್ಡ ಖಾಸಗಿ ಆಸ್ಪತ್ರೆಗಳಲ್ಲಷ್ಟೇ ಅಲ್ಲ, ಈಗ ಜಿಲ್ಲಾ ಕೇಂದ್ರಗಳ ಮಧ್ಯಮ ಗಾತ್ರದ ಆಸ್ಪತ್ರೆಗಳಲ್ಲೂ ‘ಪೂರ್ಣ ದೇಹ ತಪಾಸಣೆ’ಯ ಪ್ಯಾಕೇಜುಗಳು ಸಿಗುತ್ತವೆ. ಅರವತ್ತು ದಾಟಿದ, ಸಕ್ಕರೆ ಕಾಯಿಲೆಗೂ ರಕ್ತದೊತ್ತಡಕ್ಕೂ ಬಹಳ ಕಾಲದಿಂದ ಮಾತ್ರೆ ತೆಗೆದುಕೊಳ್ಳುತ್ತಿರುವ ನಮ್ಮ ತಂದೆಯವರಿಗೆ ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಇತ್ತೀಚೆಗೆ ಇಂಥದ್ದೊಂದನ್ನು ಮಾಡಿಸಿದೆವು. ಆಸ್ಪತ್ರೆಯ ಹೆಸರು ಇಲ್ಲಿ ಮುಖ್ಯವಲ್ಲ. ಕೊಳ್ಳುವ ಮೊದಲು ಬೇರೆ ಕೆಲವು ಕಡೆಯ ಪಟ್ಟಿಗಳನ್ನೂ ತರಿಸಿ ನೋಡಿದ್ದೆ. ಎಲ್ಲವೂ ಹೆಚ್ಚುಕಡಿಮೆ ಒಂದೇ ಅಚ್ಚಿನಲ್ಲಿದ್ದವು.

ಒಳ್ಳೆಯದನ್ನು ಮೊದಲು ಹೇಳಿಬಿಡುತ್ತೇನೆ. ಖಾಲಿ ಹೊಟ್ಟೆಯ ರಕ್ತ ತೆಗೆಯುವುದರಿಂದ ಹಿಡಿದು ಇಸಿಜಿ, ಎಕೋ, ಎದೆಯ ಎಕ್ಸ್-ರೇ, ಹೊಟ್ಟೆಯ ಸ್ಕ್ಯಾನಿಂಗ್, ಕಣ್ಣಿನ ಪರೀಕ್ಷೆಯವರೆಗೆ ಎಲ್ಲವೂ ಗೊಂದಲವಿಲ್ಲದೆ ನಡೆದವು. ವಯಸ್ಸಾದವರನ್ನು ಒಂದು ಕೋಣೆಯಿಂದ ಇನ್ನೊಂದಕ್ಕೆ ಕರೆದೊಯ್ಯಲು ಒಬ್ಬ ಸಹಾಯಕಿ ಜೊತೆಗಿದ್ದರು. ಕ್ಯಾಂಟೀನಿನಲ್ಲಿ ಕೂಪನ್ನಿಗೆ ಕೊಟ್ಟ ಇಡ್ಲಿ ಬಿಸಿಯಾಗಿತ್ತು. ವರದಿ ಅದೇ ಸಂಜೆ ಕೈಸೇರಿತು.

ತಕರಾರಿರುವುದು ಪಟ್ಟಿಯ ಕೊನೆಯಲ್ಲಿ ‘ಉಚಿತ’ ಎಂಬ ಷರಾದೊಂದಿಗೆ ನಮೂದಾಗಿದ್ದ ದಂತ ಸಮಾಲೋಚನೆಯ ಬಗ್ಗೆ. ಕುರ್ಚಿಯಲ್ಲಿ ಕೂರಿಸಿ, ದೀಪ ಹಾಕಿ, ಪುಟ್ಟ ಕನ್ನಡಿಯಲ್ಲಿ ಎಡಬಲ ನೋಡಿದ ಯುವ ವೈದ್ಯರು ‘ಕ್ಲೀನಿಂಗ್ ಬೇಕಾಗುತ್ತದೆ’ ಎಂದು ಹೇಳಿ, ಅದಕ್ಕೊಂದು ರಿಯಾಯಿತಿ ಚೀಟಿಯನ್ನು ಕೊಟ್ಟು ಕಳುಹಿಸಿದರು. ತಂದೆಯವರಿಗೆ ಹಲ್ಲುಜ್ಜುವಾಗ ಒಸಡಿನಿಂದ ರಕ್ತ ಬರುತ್ತದೆಯೇ, ಯಾವುದಾದರೂ ಹಲ್ಲು ಅಲುಗಾಡುತ್ತದೆಯೇ ಎಂದು ಅವರು ಕೇಳಲಿಲ್ಲ. ಸಕ್ಕರೆಯ ವರದಿ ಅವರ ಮೇಜಿಗೆ ಬಂದೂ ಇರಲಿಲ್ಲ. ಕೊನೆಯಲ್ಲಿ ಎಲ್ಲ ಫಲಿತಾಂಶಗಳನ್ನು ಒಟ್ಟಿಗೆ ನೋಡಿ ಸಲಹೆ ಕೊಡಬೇಕಾದ ಹಿರಿಯ ವೈದ್ಯರು, ಮೂರು ತಿಂಗಳ ಸರಾಸರಿ ಸಕ್ಕರೆ ಏಕೆ ಇಳಿಯುತ್ತಿಲ್ಲ ಎಂದು ಅನ್ನದ ಪ್ರಮಾಣವನ್ನೂ ನಡಿಗೆಯನ್ನೂ ಮಾತ್ರೆಯ ಹೊತ್ತನ್ನೂ ಶ್ರದ್ಧೆಯಿಂದ ವಿಚಾರಿಸಿದರೇ ಹೊರತು, ಬಾಯಿಯ ವಿಷಯ ಎತ್ತಲಿಲ್ಲ. ದಂತ ವಿಭಾಗದ ಚೀಟಿ ಅವರ ಕಡತದಲ್ಲೇ ಇರಲಿಲ್ಲ.

ಇದೇನು ಮಹಾ ಕೊರತೆ ಎಂದು ಕೇಳುವವರಿಗೆ ಸ್ವಲ್ಪ ವಿವರಿಸಬೇಕು. ಹಲ್ಲು ಮತ್ತು ಒಸಡಿನ ನಡುವಿನ ಸಂದಿಯಲ್ಲಿ ಬ್ಯಾಕ್ಟೀರಿಯಾದ ಪದರ ಬೇರೂರಿದರೆ ಒಸಡು ಉರಿಯೂತಕ್ಕೊಳಗಾಗುತ್ತದೆ; ಅದು ಹಲ್ಲನ್ನು ಹಿಡಿದಿರುವ ಮೂಳೆಯವರೆಗೂ ಇಳಿದಾಗ, ನೋವೇ ಇಲ್ಲದೆ ವರ್ಷಗಟ್ಟಲೆ ಮುಂದುವರಿಯುವ ಈ ಉರಿಯೂತದ ರಾಸಾಯನಿಕಗಳು ರಕ್ತ ಸೇರಿ ಇನ್ಸುಲಿನ್ನಿನ ಕೆಲಸಕ್ಕೆ ಅಡ್ಡಿಮಾಡುತ್ತವೆ. ಇತ್ತ ಹತೋಟಿಯಲ್ಲಿಲ್ಲದ ಸಕ್ಕರೆಯು ಸೋಂಕನ್ನು ಎದುರಿಸುವ ಶಕ್ತಿಯನ್ನು ಕುಗ್ಗಿಸಿ ಒಸಡು ಮಾಗದಂತೆ ಮಾಡುತ್ತದೆ. ಹೀಗೆ ಎರಡೂ ಒಂದನ್ನೊಂದು ಕೆಡಿಸುತ್ತಾ ಹೋಗುತ್ತವೆ. ಮಧುಮೇಹಿಗಳಲ್ಲಿ ಒಸಡಿನ ಚಿಕಿತ್ಸೆಯಿಂದ ಮೂರು-ನಾಲ್ಕು ತಿಂಗಳಲ್ಲಿ ಎಚ್‌ಬಿಎ1ಸಿ, ಅಂದರೆ ಶೇಕಡಾವಾರು ಲೆಕ್ಕದಲ್ಲಿ ಹೇಳುವ ಆ ಮೂರು ತಿಂಗಳ ಸಕ್ಕರೆಯ ಅಳತೆ, ಸರಾಸರಿ 0.43 ಅಂಶದಷ್ಟು ಇಳಿಯುತ್ತದೆ ಎಂದು ಹಲವು ಪ್ರಯೋಗಗಳನ್ನು ಒಟ್ಟಿಗೆ ತೂಗಿ ನೋಡಿದ 2022ರ ಕಾಕ್ರೇನ್ ಪರಿಶೀಲನೆ ಹೇಳಿದೆ. ಇದು ಪವಾಡವಲ್ಲ, ಮಾತ್ರೆಯನ್ನು ಬಿಡಿಸುವಷ್ಟು ದೊಡ್ಡ ಇಳಿಕೆಯೂ ಅಲ್ಲ. ಆದರೆ ಕಡಲೆಕಾಯಿ ಬೇಡ, ಬಾಳೆಹಣ್ಣು ಬೇಡ ಎಂದು ಅಷ್ಟು ಹೊತ್ತು ಹೇಳುವವರು ಒಂದು ನಿಮಿಷವನ್ನು ಒಸಡಿಗೂ ಕೊಡಬಹುದಾಗಿತ್ತು.

ತುಂಬಲು ಕೊಟ್ಟ ಪ್ರಶ್ನಾವಳಿ ಇನ್ನೂ ಬೇಸರ ತರಿಸಿತು. ಸಿಗರೇಟು ಸೇದುತ್ತೀರಾ, ಮದ್ಯ ಸೇವಿಸುತ್ತೀರಾ ಎಂಬ ಪ್ರಶ್ನೆಗಳಿದ್ದವು. ಎಲೆ-ಅಡಿಕೆ, ಕಡ್ಡಿಪುಡಿ, ಗುಟ್ಕಾಗಳ ಮಾತೇ ಇರಲಿಲ್ಲ. ಎಲ್ಲಿಯೋ ಸಿದ್ಧವಾದ ನಮೂನೆಯನ್ನು ಹಾಗೆಯೇ ಅಚ್ಚು ಹಾಕಿಸಿದಂತಿತ್ತು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ತಂಬಾಕಿಲ್ಲದ ಅಡಿಕೆಯನ್ನೂ ಕ್ಯಾನ್ಸರ್‌ಕಾರಕವೆಂದು 2004ರ ವರದಿಯಲ್ಲೇ ವರ್ಗೀಕರಿಸಿದೆ. ಅಡಿಕೆ ಬೆಳೆಯುವ, ತಾಂಬೂಲವಿಲ್ಲದೆ ಶುಭಕಾರ್ಯ ಮುಗಿಯದ ನಮ್ಮ ನಾಡಿನಲ್ಲಿ ಕೆನ್ನೆಯ ಒಳಭಾಗದಲ್ಲಿ ಬಿಳಿ ಮಚ್ಚೆಯಿದೆಯೇ, ಬಾಯಿ ಪೂರ್ತಿ ತೆರೆಯುತ್ತದೆಯೇ ಎಂದು ನೋಡದ ತಪಾಸಣೆಗೆ ‘ಪೂರ್ಣ’ ಎಂಬ ವಿಶೇಷಣ ಒಪ್ಪುವುದಿಲ್ಲ.

ವಿಚಿತ್ರವೆಂದರೆ, ದಂತ ವಿಭಾಗದ ಮೊಗಸಾಲೆಯಲ್ಲಿ ತೂಗುಹಾಕಿದ್ದ ಭಿತ್ತಿಚಿತ್ರ ಇದಕ್ಕೆ ತದ್ವಿರುದ್ಧವಾಗಿತ್ತು. ಒಸಡು ಕೆಟ್ಟರೆ ಹೃದಯಾಘಾತ, ಮರೆವಿನ ಕಾಯಿಲೆ, ಅವಧಿಪೂರ್ವ ಹೆರಿಗೆ ಎಲ್ಲವೂ ಬರುತ್ತವೆ ಎಂದು ಅದು ಬೆದರಿಸುತ್ತಿತ್ತು. ಜನಜಾಗೃತಿಯ ಹೆಸರಿನ ಈ ಅತ್ಯುತ್ಸಾಹ ನನಗೆ ಹಿಡಿಸಲಿಲ್ಲ. ಒಸಡಿನ ಕಾಯಿಲೆಯಿರುವವರಲ್ಲಿ ಹೃದ್ರೋಗ ಹೆಚ್ಚಾಗಿ ಕಂಡುಬರುವುದು ನಿಜವಾದರೂ, ಒಂದು ಇನ್ನೊಂದಕ್ಕೆ ಕಾರಣವೆಂಬುದು ಸಾಬೀತಾಗಿಲ್ಲ ಎಂದು ಅಮೆರಿಕದ ಹೃದ್ರೋಗ ಸಂಘವು 2012ರಲ್ಲಿ ಸ್ಪಷ್ಟಪಡಿಸಿತು. ಧೂಮಪಾನದಂಥ ಅಂಶಗಳು ಎರಡಕ್ಕೂ ಸಮಾನ. ಗರ್ಭಿಣಿಯರಿಗೆ ಒಸಡಿನ ಚಿಕಿತ್ಸೆ ಕೊಟ್ಟು ನೋಡಿದ, 2006ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗವೊಂದರಲ್ಲಿ ಅವಧಿಪೂರ್ವ ಹೆರಿಗೆ ಕಡಿಮೆಯಾಗಲಿಲ್ಲ. ಹಲ್ಲಿನ ಸೋಂಕೇ ಸಕಲ ರೋಗಗಳ ಮೂಲವೆಂಬ ವಾದಕ್ಕೆ 1910ರಲ್ಲಿ ಮಾಂಟ್ರಿಯಲ್‌ನಲ್ಲಿ ಬ್ರಿಟಿಷ್ ವೈದ್ಯ ವಿಲಿಯಂ ಹಂಟರ್ ಮಾಡಿದ ಉಪನ್ಯಾಸ ಬಲ ತುಂಬಿದ ಮೇಲೆ, ಪಶ್ಚಿಮದಲ್ಲಿ ದಶಕಗಳ ಕಾಲ ಉಳಿಸಬಹುದಾಗಿದ್ದ ಹಲ್ಲುಗಳನ್ನೂ ಕಿತ್ತುಹಾಕಿದ ಇತಿಹಾಸವಿದೆ. ಖಚಿತವಾಗಿ ಹೇಳಬಹುದಾದ ಒಂದು ಎಚ್ಚರಿಕೆ ಮಾತ್ರ ಆ ಚಿತ್ರದಲ್ಲಿರಲಿಲ್ಲ: ಹೃದಯಕ್ಕೆ ಕೃತಕ ಕವಾಟ ಹಾಕಿಸಿಕೊಂಡವರು ಹಲ್ಲು ಕೀಳಿಸುವ ಅಥವಾ ಒಸಡಿನ ಚಿಕಿತ್ಸೆ ಪಡೆಯುವ ಮುನ್ನ ಅದನ್ನು ದಂತವೈದ್ಯರಿಗೆ ತಿಳಿಸಿ ಆಂಟಿಬಯಾಟಿಕ್ ತೆಗೆದುಕೊಳ್ಳಬೇಕು, ಇಲ್ಲವಾದರೆ ಬಾಯಿಯ ಬ್ಯಾಕ್ಟೀರಿಯಾ ರಕ್ತದ ಮೂಲಕ ಕವಾಟಕ್ಕೆ ತಗುಲುವ ಅಪಾಯವಿದೆ.

ರಿಯಾಯಿತಿ ಚೀಟಿಯನ್ನು ಬದಿಗಿಟ್ಟು, ತಂದೆಯವರನ್ನು ನಮ್ಮ ಬಡಾವಣೆಯ ಒಸಡಿನ ತಜ್ಞೆಯೊಬ್ಬರ ಬಳಿಗೆ ಕರೆದೊಯ್ದೆ. ಹೋಲಿಕೆಗಾಗಿ ಇದನ್ನೂ ದಾಖಲಿಸುತ್ತೇನೆ. ಅವರು ಮೊದಲು ಕೇಳಿದ್ದು ಸಕ್ಕರೆಯ ವರದಿಯನ್ನು ಮತ್ತು ಮಾತ್ರೆಗಳ ಹೆಸರುಗಳನ್ನು. ರಕ್ತದೊತ್ತಡಕ್ಕೆ ಸಾಮಾನ್ಯವಾಗಿ ಬರೆಯುವ ಅಮ್ಲೋಡಿಪಿನ್ ಕೆಲವರಲ್ಲಿ ಒಸಡನ್ನು ಊದಿಸಿ ಬೆಳೆಸುತ್ತದೆ ಎಂಬುದು ನಮಗೆ ತಿಳಿದದ್ದೇ ಅಲ್ಲಿ. ಮಿಲಿಮೀಟರ್ ಗುರುತುಗಳಿರುವ ತೆಳುವಾದ ಕಡ್ಡಿಯಿಂದ ಪ್ರತಿ ಹಲ್ಲಿನ ಸುತ್ತ ಆರು ಕಡೆ ಆಳ ಅಳೆದು ಬರೆಸಿದರು. ಮೂರರವರೆಗೆ ಇದ್ದರೆ ಚಿಂತೆಯಿಲ್ಲ, ಅದರ ಮೇಲಿದ್ದು ರಕ್ತ ಒಸರಿದರೆ ಕಾಯಿಲೆಯ ಸೂಚನೆ ಎಂದು ಪ್ರತಿಯೊಂದನ್ನೂ ತಾಳ್ಮೆಯಿಂದ ವಿವರಿಸಿದರು. ಹಿಂಭಾಗದ ಹಲ್ಲುಗಳ ಬಳಿ ಐದು-ಆರು ಎಂಬ ಅಂಕಿಗಳೇ ಹೆಚ್ಚಾಗಿದ್ದವು. ಯಂತ್ರಕ್ಕಿಂತ ಹೆಚ್ಚಾಗಿ ವ್ಯವಧಾನವನ್ನು ಬೇಡುವ ಪರೀಕ್ಷೆ ಅದು. ಪ್ಯಾಕೇಜುಗಳಲ್ಲಿ ಸೇರದಿರುವುದಕ್ಕೆ ಬಹುಶಃ ಇದೇ ಕಾರಣವಿರಬೇಕು.

ಹಾಗಾದರೆ ಪ್ಯಾಕೇಜ್ ಕೊಳ್ಳಬೇಕೇ? ರಕ್ತ ಪರೀಕ್ಷೆ ಮತ್ತು ಸ್ಕ್ಯಾನಿಂಗುಗಳು ಒಂದೇ ದಿನ ಮುಗಿಯಬೇಕೆನ್ನುವವರಿಗೆ ಹಣ ವ್ಯರ್ಥವಲ್ಲ. ಆದರೆ ಮಧುಮೇಹಿಗಳು, ಎಲೆ-ಅಡಿಕೆ ಅಥವಾ ತಂಬಾಕಿನ ಅಭ್ಯಾಸವಿರುವವರು ಕಾಯ್ದಿರಿಸುವ ಮೊದಲೇ ಎರಡು ವಿಷಯಗಳನ್ನು ಕೇಳುವುದು ಒಳಿತು: ಒಸಡಿನ ಆಳವನ್ನು ಅಳೆಯುತ್ತಾರೆಯೇ, ದಂತವೈದ್ಯರ ಟಿಪ್ಪಣಿ ಅಂತಿಮ ವರದಿಯಲ್ಲಿ ಬರುತ್ತದೆಯೇ. ಇಲ್ಲವೆಂದರೆ ಆ ಪರೀಕ್ಷೆಯನ್ನು ಬೇರೆ ಕಡೆ ಮಾಡಿಸಿ, ಟಿಪ್ಪಣಿಯನ್ನು ಸಕ್ಕರೆಯ ವೈದ್ಯರ ಕಡತಕ್ಕೆ ನಾವೇ ಸೇರಿಸಬೇಕಾಗುತ್ತದೆ. ನಮ್ಮ ಸಾಮಾನ್ಯ ಆರೋಗ್ಯ ವಿಮೆಗಳು ಅಪಘಾತವಲ್ಲದ ಹಲ್ಲಿನ ಚಿಕಿತ್ಸೆಯನ್ನು ಹೆಚ್ಚಾಗಿ ಹೊರಗಿಡುವುದರಿಂದ ಆ ಖರ್ಚು ಕೈಯಿಂದಲೇ ಹೋಗುತ್ತದೆ. ದಂತ ಕಾಲೇಜುಗಳ ಹೊರರೋಗಿ ವಿಭಾಗದಲ್ಲಿ ಇದೇ ಕೆಲಸ ಬಹಳ ಕಡಿಮೆ ದರದಲ್ಲಿ ಆಗುತ್ತದೆ. ಅರ್ಧ ದಿನ ಕಾಯುವ ಸಿದ್ಧತೆಯಿರಬೇಕಷ್ಟೆ.