ಬಲಶಾಲಿ ಕುದುರೆಗೆ ಎರಡು ಕೀಲಿನ ಸ್ನಾಫಲ್: ಹಲವು ವರ್ಷ ಬಳಸಿದ ಮೇಲೆ

ನನ್ನ ಕುದುರೆ ದೊಡ್ಡ ಮೈಕಟ್ಟಿನದು, ದಪ್ಪ ಕುತ್ತಿಗೆಯದು. ಓಟವೆಂದರೆ ಅದಕ್ಕೆ ಪ್ರಾಣ. ಕ್ಯಾಂಟರ್ (ಹದವಾದ ನೆಗೆತದ ಓಟ) ಹಿಡಿದ ಸ್ವಲ್ಪ ಹೊತ್ತಿಗೇ ತಲೆ ತಗ್ಗಿಸಿ, ಕಡಿವಾಣದ ಮೇಲೆ ಭಾರ ಬಿಟ್ಟು, ಸವಾರನ ತೋಳುಗಳನ್ನು ಎಳೆಯತೊಡಗುವುದು ಅದರ ಸ್ವಭಾವವಾಗಿತ್ತು. ಇದಕ್ಕೆ ನಾನು ಹಲವು ವರ್ಷಗಳಿಂದ ಹಾಕುತ್ತಿರುವುದು ಎರಡು ಕೀಲುಗಳ, ಸಡಿಲ ಬಳೆಯ ಸ್ನಾಫಲ್, ಅಂದರೆ ಸನ್ನೆಕೋಲಿಲ್ಲದೆ ಲಗಾಮಿನ ಎಳೆತ ನೇರವಾಗಿ ಬಾಯಿಗೆ ಮುಟ್ಟುವ ಕಡಿವಾಣ. ಲಗಾಮು ಕಟ್ಟುವ ಬಳೆ ಇದರಲ್ಲಿ ರಂಧ್ರದೊಳಗೆ ಸಡಿಲವಾಗಿ ತಿರುಗುತ್ತದೆ. ನಡುವೆ ನುಣುಪಾದ ಒಂದು ಪುಟ್ಟ ಗುಂಡು ತುಂಡು, ಬಾಯೊಳಗಿನ ಭಾಗ ತಾಮ್ರದ ಮಿಶ್ರಲೋಹದ್ದು, ಬಳೆಗಳು ಸ್ಟೀಲಿನವು. ಅಗತ್ಯ ಬಿದ್ದಾಗ ಪೆಲ್ಹಮ್ ಎಂಬ, ಇಕ್ಕೆಲಗಳಲ್ಲಿ ಉದ್ದ ತೋಳುಗಳಿರುವ ಕಡಿವಾಣವನ್ನೂ ಬಳಸಿದ್ದೇನೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಈ ಸ್ನಾಫಲ್ ಬಹಳ ಒಳ್ಳೆಯ ಕಡಿವಾಣ, ಆದರೆ ಓಡುವ ಕುದುರೆಯನ್ನು ಇದು ತಾನಾಗಿ ನಿಲ್ಲಿಸುವುದಿಲ್ಲ. ನಿಲ್ಲುವುದನ್ನು ಕುದುರೆಗೆ ನಾವು ಕಲಿಸಬೇಕು. ಹಾಗೆ ಕಲಿಸುವಾಗ ನಮ್ಮ ಕೈಯ ಸೂಚನೆಯನ್ನು ನೋವಿಲ್ಲದೆ ಬಾಯಿಗೆ ಮುಟ್ಟಿಸುವುದಷ್ಟೇ ಕಡಿವಾಣದ ಕೆಲಸ.

ಒಂದೇ ಕೀಲಿನ ಕಡಿವಾಣದಲ್ಲಿ ಎರಡೂ ಲಗಾಮು ಒಟ್ಟಿಗೆ ಬಿಗಿಯಾದಾಗ ಅದು ಮಧ್ಯದಲ್ಲಿ ಮಡಚಿಕೊಂಡು ನಾಲಿಗೆಯನ್ನು ಇಕ್ಕೆಲಗಳಿಂದ ಒತ್ತುತ್ತದೆ. ನನ್ನ ಕುದುರೆಗೆ ಅದು ಹಿಡಿಸಲಿಲ್ಲ. ಬಾಯಿ ತೆರೆಯುತ್ತಿತ್ತು, ತಲೆ ಕೊಡವುತ್ತಿತ್ತು. ಎರಡು ಕೀಲಿನದು ನಾಲಿಗೆಯ ಆಕಾರಕ್ಕೆ ಬಾಗಿ ಕೂರುವುದರಿಂದ ಒತ್ತಡ ಹಂಚಿಹೋಗುತ್ತದೆ. ಸಡಿಲ ಬಳೆಯ ಲಾಭ ಬೇರೆಯೇ. ಕಡಿವಾಣ ಬಾಯಲ್ಲಿ ಸದಾ ಸ್ವಲ್ಪ ಅಲುಗಾಡುತ್ತಿರುವುದರಿಂದ ಕುದುರೆಗೆ ಅದರ ಮೇಲೆ ಒರಗಿ ನಿಲ್ಲಲು ಗಟ್ಟಿಯಾದ ಆಸರೆ ಸಿಗುವುದಿಲ್ಲ. ಭಾರ ಬಿಡುವ ಕುದುರೆಗೆ ಇದೇ ಬೇಕಾದದ್ದು. ಬಾಯಿ ಬಹಳ ಚುರುಕಾಗಿ, ಸಣ್ಣ ಅಲುಗಾಟಕ್ಕೂ ಗಾಬರಿಯಾಗುವ ಕುದುರೆಗಾದರೆ ಬಳೆ ಸ್ಥಿರವಾಗಿರುವ ಎಗ್‌ಬಟ್ ಮೇಲು.

ಕೊಳ್ಳುವಾಗ ಒಂದು ಎಚ್ಚರ ಬೇಕು. ಎರಡು ಕೀಲಿನ ಕಡಿವಾಣಗಳಲ್ಲಿ ಫ್ರೆಂಚ್ ಲಿಂಕ್ ಮತ್ತು ಡಾಕ್ಟರ್ ಬ್ರಿಸ್ಟಲ್ ಎಂಬ ಎರಡು ಮಾದರಿಗಳು ದೂರದಿಂದ ಒಂದೇ ತರಹ ಕಾಣುತ್ತವೆ. ಎರಡರಲ್ಲೂ ನಡುವೆ ಚಪ್ಪಟೆ ತುಂಡಿದೆ. ಮೊದಲನೆಯದರಲ್ಲಿ ಅದು ನಾಲಿಗೆಯ ಮೇಲೆ ಮಟ್ಟಸವಾಗಿ ಮಲಗುತ್ತದೆ. ಎರಡನೆಯದರಲ್ಲಿ ಓರೆಯಾಗಿ ನಿಂತು, ಅದರ ಅಂಚು ನಾಲಿಗೆಗೆ ಒತ್ತುತ್ತದೆ. ಅಂಗಡಿಯವರು ಕೊಟ್ಟ ಹೆಸರನ್ನು ನಂಬದೆ ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ.

ಅಳತೆಯ ವಿಷಯದಲ್ಲಿ ಉದಾಸೀನ ಮಾಡಬಾರದು. ಬಾಯಲ್ಲಿ ಕಡಿವಾಣವನ್ನು ನೇರವಾಗಿ ಹಿಡಿದಾಗ ತುಟಿಗೂ ಬಳೆಗೂ ನಡುವೆ ಎರಡೂ ಬದಿಯಲ್ಲಿ ಸುಮಾರು ಅರ್ಧ ಸೆಂಟಿಮೀಟರ್ ಜಾಗ ಉಳಿಯಬೇಕು. ಕಡಿಮೆಯಾದರೆ ಸಡಿಲ ಬಳೆ ತುಟಿಯನ್ನು ಚಿವುಟುತ್ತದೆ, ಹೆಚ್ಚಾದರೆ ಕಡಿವಾಣ ಅತ್ತಿತ್ತ ಜಾರಿ ಕೀಲುಗಳು ತಪ್ಪು ಜಾಗಕ್ಕೆ ಬರುತ್ತವೆ. ದಪ್ಪ ಇದ್ದಷ್ಟೂ ಮೃದು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ನಾಲಿಗೆ ದಪ್ಪಗಿದ್ದು ಅಂಗುಳು ತಗ್ಗಾಗಿರುವ ಕುದುರೆಗೆ ದಪ್ಪ ಕಡಿವಾಣವೆಂದರೆ ಬಾಯಿಗೆ ಬಟ್ಟೆ ತುರುಕಿದ ಹಾಗೆ. ಅಂತರರಾಷ್ಟ್ರೀಯ ಅಶ್ವಕ್ರೀಡಾ ಒಕ್ಕೂಟ ಡ್ರೆಸಾಜ್ (ಕುದುರೆಯ ನಡೆ ಮತ್ತು ವಿಧೇಯತೆಯನ್ನು ಅಳೆಯುವ ಸ್ಪರ್ಧೆ) ಸ್ನಾಫಲ್‌ಗೆ ನಿಗದಿ ಮಾಡಿರುವ ಕನಿಷ್ಠ ದಪ್ಪ 14 ಮಿ.ಮೀ. ನನ್ನದು 16 ಮಿ.ಮೀ. ದಪ್ಪದ್ದು, ಅದಕ್ಕಿಂತ ದಪ್ಪದ್ದು ಹಾಕಿದರೆ ನನ್ನ ಕುದುರೆಗೆ ಬಾಯಿ ಸರಿಯಾಗಿ ಮುಚ್ಚಲು ಆಗುವುದಿಲ್ಲ.

ಇನ್ನು ಪೆಲ್ಹಮ್. ಇದು ಸನ್ನೆಕೋಲಿನ ಲೆಕ್ಕದಲ್ಲಿ ಕೆಲಸ ಮಾಡುತ್ತದೆ. ಬಾಯಿಯಿಂದ ಮೇಲಿನ ತೋಳು 5 ಸೆಂ.ಮೀ., ಕೆಳಗಿನದು 10 ಸೆಂ.ಮೀ. ಇದೆ ಎಂದುಕೊಳ್ಳಿ. ಕೆಳಗಿನ ಲಗಾಮನ್ನು ಎಳೆದು ಗದ್ದದ ಕೆಳಗಿನ ಸರಪಳಿ ಬಿಗಿಯಾದ ಮೇಲೆ, ಆ ಸರಪಳಿಯ ಮೇಲೆ ನಮ್ಮ ಎಳೆತದ ಎರಡು ಪಟ್ಟು ಬಲ ಬೀಳುತ್ತದೆ. ಬಾಯಿಯ ಮೇಲೆ ಬೀಳುವುದು ಮೂರು ಪಟ್ಟು. ಕೈಯಲ್ಲಿ ಹಗುರ ಎನಿಸಿದ್ದು ದವಡೆಯಲ್ಲಿ ಹಗುರವಲ್ಲ. ಕುದುರೆ ಹಗುರಾಯಿತೆಂದು ಸಂತೋಷಪಡುವ ಸವಾರರು ಈ ಲೆಕ್ಕವನ್ನು ಮರೆಯಬಾರದು ಎಂದು ನನಗೆ ತೀವ್ರವಾಗಿ ಅನ್ನಿಸುತ್ತದೆ. ಬಯಲಿನಲ್ಲಿ ಬೇರೆ ಕುದುರೆಗಳ ಜೊತೆ ವೇಗವಾಗಿ ಹೋಗುವ ದಿನಗಳಲ್ಲಿ ಮಾತ್ರ ನಾನು ಪೆಲ್ಹಮ್ ಹಾಕುತ್ತೇನೆ. ಅದೂ ಎರಡು ಜೊತೆ ಲಗಾಮಿನೊಂದಿಗೆ. ಮೇಲಿನ ಜೊತೆಯಲ್ಲೇ ಸವಾರಿ ನಡೆಯುತ್ತದೆ, ಕೆಳಗಿನದು ತುರ್ತಿಗೆ. ಕಡಿವಾಣದ ತೋಳುಗಳು ಸುಮಾರು 45 ಡಿಗ್ರಿ ತಿರುಗಿದಾಗ ಸರಪಳಿ ತಾಗುವಂತೆ ಕಟ್ಟುತ್ತೇನೆ. ಎರಡು ಲಗಾಮು ಹಿಡಿಯಲು ಕೈ ಪಳಗದವರು ಇದರ ಗೋಜಿಗೆ ಹೋಗದಿರುವುದು ಕುದುರೆಯ ಪಾಲಿಗೆ ಒಳ್ಳೆಯದು.

ಆದರೆ ನಿಜವಾದ ಬದಲಾವಣೆ ಬಂದದ್ದು ತರಬೇತಿಯಿಂದ. ಅದಕ್ಕೂ ಮೊದಲು ಹಲ್ಲು ಮತ್ತು ಬೆನ್ನಿನ ತಪಾಸಣೆ ಮಾಡಿಸಿದೆ. ಎಳೆಯುವ ಕುದುರೆ ಎಷ್ಟೋ ಸಲ ನೋವಿನಿಂದ ದೂರ ಓಡುತ್ತಿರುತ್ತದೆ. ಮೇಲ್ದವಡೆಯ ಮೊದಲ ಕೆನ್ನೆಹಲ್ಲಿನ ಮುಂದೆ ಕೆಲವು ಕುದುರೆಗಳಿಗೆ ಪುಟ್ಟ ತೋಳಹಲ್ಲು ಇರುತ್ತದೆ, ಕಡಿವಾಣ ಅಲ್ಲಿಗೆ ಬಡಿದರೆ ಎಂಥ ದುಬಾರಿ ಲೋಹವೂ ಪ್ರಯೋಜನಕ್ಕೆ ಬಾರದು. ಜೀನು ಭುಜವನ್ನು ಒತ್ತುತ್ತಿದ್ದರೂ ಅಷ್ಟೇ.

ನಂತರ ನೆಲದ ಮೇಲೆ ನಿಂತೇ ಪಾಠ ಶುರು. ಪಕ್ಕದಲ್ಲಿ ನಡೆಯುತ್ತಾ ಮೊದಲು ಧ್ವನಿ, ಆಮೇಲೆ ಲಗಾಮಿನ ಸಣ್ಣ ಒತ್ತಡ, ನಿಂತ ಕ್ಷಣವೇ ಒತ್ತಡ ಪೂರ್ತಿ ಬಿಡುವುದು. ಕುದುರೆ ಕಲಿಯುವುದು ಎಳೆತದಿಂದಲ್ಲ, ಎಳೆತ ಮುಗಿಯುವ ಗಳಿಗೆಯಿಂದ. ನಿಂತ ಮೇಲೂ ಲಗಾಮು ಬಿಗಿಯಾಗಿಯೇ ಇದ್ದರೆ ಅದಕ್ಕೆ ನಿಂತದ್ದರಿಂದ ಏನೂ ಸಿಗಲಿಲ್ಲ, ಮುಂದಿನ ಸಲ ಏಕೆ ನಿಲ್ಲಬೇಕು? ಧ್ವನಿಗೇ ನಿಲ್ಲುವುದು ರೂಢಿಯಾದ ಮೇಲೆ ಅದನ್ನೇ ಜೀನಿನ ಮೇಲಿಂದ ಮಾಡಿಸಿದೆ: ನಡಿಗೆಯಿಂದ ನಿಲುಗಡೆ, ಟ್ರಾಟ್‌ನಿಂದ (ಕುಕ್ಕುಲೋಟದಿಂದ) ನಡಿಗೆ, ಮತ್ತೆ ಟ್ರಾಟ್. ಈ ಬದಲಾವಣೆಗಳನ್ನು ಬಿಡದೆ ಅಭ್ಯಾಸ ಮಾಡಿಸಿದಾಗ ಭಾರ ಮುಂಗಾಲುಗಳಿಂದ ಹಿಂಗಾಲುಗಳಿಗೆ ಸರಿಯುತ್ತದೆ. ಕೈಯ ಮೇಲಿನ ಭಾರ ಇಳಿಯುವುದು ಅಲ್ಲಿಂದಲೇ.

ಕುದುರೆ ಎಳೆದಾಗ ನಾವೂ ಬಿಡದೆ ಎಳೆದರೆ ಗೆಲ್ಲುವುದು ಅದೇ, ಅದರ ಕುತ್ತಿಗೆಯ ಬಲಕ್ಕೆ ನಮ್ಮ ತೋಳು ಸಾಟಿಯಲ್ಲ. ಬೆನ್ನು ನೆಟ್ಟಗೆ ಮಾಡಿ, ತಿರುವಿನ ಹೊರಬದಿಯ ಲಗಾಮು ಹಿಡಿದ ಮುಷ್ಟಿಯನ್ನು ಕ್ಷಣಕಾಲ ಬಿಗಿದು ತಕ್ಷಣ ಸಡಿಲಿಸುವುದು, ಮತ್ತೆ ಬಿಗಿಯುವುದು. 20 ಮೀಟರ್ ವೃತ್ತದಲ್ಲಿ ಇದನ್ನು ಮಾಡುವುದು ಸುಲಭ, ಏಕೆಂದರೆ ವೃತ್ತವೇ ವೇಗವನ್ನು ತಗ್ಗಿಸುತ್ತದೆ. ಭುಜವನ್ನು ಒಳಗೆ ತರುವ ಪಾರ್ಶ್ವ ನಡಿಗೆಯೂ ಬಹಳ ಸಹಾಯ ಮಾಡಿತು, ದೇಹ ಬಾಗಿದ ಕುದುರೆಗೆ ನೇರವಾಗಿ ನುಗ್ಗಿ ಎಳೆಯುವುದು ಕಷ್ಟ. ಬಯಲಿನಲ್ಲಿ ಪ್ರತಿಸಲವೂ ಒಂದೇ ಜಾಗದಲ್ಲಿ ಓಡಿಸುವುದನ್ನು ನಿಲ್ಲಿಸಿದ್ದರಿಂದ, ಆ ಜಾಗ ಹತ್ತಿರವಾಗುತ್ತಿದ್ದಂತೆ ಉದ್ರೇಕಗೊಳ್ಳುವ ಚಾಳಿಯೂ ಕ್ರಮೇಣ ಹೋಯಿತು.

ಇಷ್ಟೆಲ್ಲ ಆದ ಮೇಲೂ ನನ್ನ ಕುದುರೆ ಬಲಶಾಲಿಯೇ. ಗುಂಪಿನಲ್ಲಿ ಈಗಲೂ ಒಮ್ಮೊಮ್ಮೆ ನುಗ್ಗುತ್ತದೆ. ಆಗ ಒಂದು ಕೈಯನ್ನು ಕುತ್ತಿಗೆಯ ಮೇಲೆ ಊರಿ, ಇನ್ನೊಂದರಿಂದ ಎತ್ತಿ ಹಿಡಿದು ಬಿಡುತ್ತಾ ದೊಡ್ಡ ವೃತ್ತಕ್ಕೆ ತಿರುಗಿಸುತ್ತೇನೆ. ವೇಗದಲ್ಲಿ ಚಿಕ್ಕ ತಿರುವು ಕೊಟ್ಟರೆ ಕುದುರೆ ಕಾಲು ತಪ್ಪಿ ಬೀಳಬಹುದು. ಮೂಗುಪಟ್ಟಿಯನ್ನು ಬಿಗಿದು ಬಾಯಿ ಮುಚ್ಚಿಸುವ ಉಪಾಯಕ್ಕೆ ನನ್ನ ವಿರೋಧವಿದೆ. ಮೂಗಿನ ಮೂಳೆಯ ಮೇಲೆ ಎರಡು ಬೆರಳು ಸರಾಗವಾಗಿ ಹೋಗಲೇಬೇಕು.

ಬಾಳಿಕೆಯ ಬಗ್ಗೆ: ಸವಾರಿ ಮುಗಿದ ಕೂಡಲೇ ಬರೀ ನೀರಿನಲ್ಲಿ ತೊಳೆದು ಒರೆಸುತ್ತೇನೆ. ತಾಮ್ರದ ಮಿಶ್ರಲೋಹ ಸ್ಟೀಲಿಗಿಂತ ಮೆದು, ಹಲ್ಲಿನ ಗೀರುಗಳು ಬೀಳುತ್ತವೆ. ಅವುಗಳ ಅಂಚು ಚೂಪಾದರೆ ತುಟಿಗೆ ಗಾಯ. ಬಳೆ ಹಾದುಹೋಗುವ ರಂಧ್ರ ಸವೆದು ಅಗಲವಾಗುವುದೇ ಈ ಮಾದರಿಯ ದೊಡ್ಡ ದೌರ್ಬಲ್ಯ. ಆಗಾಗ ಒಂದು ಹತ್ತಿಯ ತುಣುಕನ್ನು ಕೀಲು ಮತ್ತು ರಂಧ್ರಗಳ ಸುತ್ತ ಉಜ್ಜಿ ನೋಡುತ್ತೇನೆ, ಎಳೆ ಸಿಕ್ಕಿಕೊಂಡರೆ ಆ ಕಡಿವಾಣ ಮತ್ತೆ ಬಾಯಿಗೆ ಹೋಗುವುದಿಲ್ಲ. ನನ್ನ ಮೊದಲನೆಯದು ಹೀಗೆಯೇ ಮೂಲೆ ಸೇರಿತು. ಅದೇ ಅಳತೆಯ, ಅದೇ ಮಾದರಿಯ ಇನ್ನೊಂದನ್ನು ತರಿಸಿಕೊಂಡು ಈಗ ಅದನ್ನೇ ಬಳಸುತ್ತಿದ್ದೇನೆ.